ಗಾನಯೋಗಿ ಪಂಚಾಕ್ಷರ ಗವಾಯಿಗಳು: ಅಂಧ ಬಾಲಕರಿಗೆ ಕಾಯಕವಿತ್ತ ಗುರು

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಗ್ರಾಮ. ಅಲ್ಲಿಯ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಶರಣ ದಂಪತಿಗಳಿಗೆ 1892ನೆಯ ಇಸವಿಯ ಫೆಬ್ರುವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಶಿಶುವು ಜನ್ಮಾಂಧ. ಆತನ ಸಹೋದರ ಗುರುಬಸಯ್ಯನೂ ದೃಷ್ಟಿಹೀನನೇ. ಒಂದೇ ಬಡ ಮನೆಯಲ್ಲಿ ಇಬ್ಬರು ಅಂಧ ಬಾಲಕರು! ಅಂದಿನ ಕಾಲದಲ್ಲಿ ಇಂಥ ಮಕ್ಕಳ ಮುಂದಿದ್ದ ದಾರಿ ಯಾವುದೆಂಬುದನ್ನು ವಾಚಕರು ಬಲ್ಲರು. ತಂದೆತಾಯಿಗಳಿರುವವರೆಗೆ ಮನೆಯ ಮೂಲೆ. ಅನಂತರ ಗುಡಿಯ ಮೆಟ್ಟಿಲು, ಕೈಯಲ್ಲೊಂದು ಬಟ್ಟಲು.

ಆದರೆ ಈ ಬಾಲಕರಿಗೆ ಶಿವನು ಕಂಠವನ್ನು ಕೊಟ್ಟಿದ್ದನು. ಅವರ ಹಾಡು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕಿವಿಗೆ ಬಿದ್ದಿತು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ನೆಲೆಗೊಳಿಸಿ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಬಾಲಕರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಕುಮಾರಸ್ವಾಮಿಗಳವರು ಆ ಮಕ್ಕಳಿಗೆ ಅನ್ನವಿಕ್ಕಿ ಸುಮ್ಮನಿರಬಹುದಾಗಿತ್ತು. ಅಷ್ಟಾದರೂ ಜನರು ಪುಣ್ಯಕಾರ್ಯವೆಂದೇ ಹೊಗಳುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಹುಡುಗನಿಗೆ ವಿದ್ಯೆಯನ್ನು ಕೊಡಿಸಿದರು, ಅದೂ ದೊರೆಯಬಹುದಾದ ಅತ್ಯುತ್ತಮ ವಿದ್ಯೆಯನ್ನು. ಕರ್ನಾಟಕ ಪದ್ಧತಿಯ ಸಂಗೀತಕ್ಕಾಗಿ ಮೈಸೂರಿಗೆ ಕಳಿಸಿದರು. ಹಿಂದುಸ್ತಾನಿ ಗಾಯನವು ನೀಲಕಂಠಬುವಾ ಮಿರಜಕರರಿಂದಲೂ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಿಂದಲೂ ಲಭಿಸಿತು. ವಿರಕ್ತ ಸ್ವಾಮಿಗಳ ಶಿಷ್ಯನು ಮುಸಲ್ಮಾನ ಗುರುವಿನ ಪದತಲದಲ್ಲಿ ಕುಳಿತು ಖ್ಯಾಲನ್ನು ಕಲಿತನೆಂಬುದು ಸಣ್ಣ ಮಾತಲ್ಲ. ಹೀಗೆ ಗದಿಗೆಯ್ಯನು ಪಂಚಾಕ್ಷರ ಗವಾಯಿಯಾದನು. ಎರಡೂ ಪದ್ಧತಿಗಳಲ್ಲಿ ಅಧಿಕಾರವುಳ್ಳ ವಿದ್ವಾಂಸನೆಂದು ನಾಡಿನಲ್ಲಿ ಹೆಸರಾದನು.

ಇಂಥ ಗಾಯಕನಿಗೆ ಸುಖವಾಗಿ ಬಾಳುವುದು ಕಷ್ಟವಿರಲಿಲ್ಲ. ಸಂಸ್ಥಾನಿಕರ ಸಭೆಗಳಿದ್ದವು, ಶ್ರೀಮಂತರ ಮನೆಗಳಿದ್ದವು. ಗವಾಯಿಗಳು ನೈಷ್ಠಿಕ ಬ್ರಹ್ಮಚರ್ಯವನ್ನು ಹಿಡಿದು, ತಾವು ಪಡೆದುದನ್ನು ತಮ್ಮಂತಹ ಮಕ್ಕಳಿಗೇ ಹಂಚಲು ಹೊರಟರು. ಅಂಧರು, ಅನಾಥರು, ಕಡುಬಡವರು, ಯಾವ ಜಾತಿಯವರಾದರೂ ಸರಿ, ಬಂದವರನ್ನೆಲ್ಲ ಸೇರಿಸಿಕೊಂಡರು. ಆ ಪಾಠಶಾಲೆಗೆ ಮೊದಲಲ್ಲಿ ಗೋಡೆಯಿರಲಿಲ್ಲ, ಮಾಡಿರಲಿಲ್ಲ. ಶಿಷ್ಯಸಮೂಹವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವುದು, ಭಕ್ತರು ಕೊಟ್ಟುದರಲ್ಲಿ ಮಕ್ಕಳಿಗೆ ಉಣಿಸುವುದು, ಅಲ್ಲಿಯೇ ಪಾಠ.

ಪಾಠವೆಂದರೆ ಕಿವಿಯ ಪಾಠ. ತಂಬೂರಿಯ ಶ್ರುತಿಗೆ ಕಂಠವನ್ನು ಕೂಡಿಸುವುದು, ಅಲಂಕಾರ ಪಲ್ಟಗಳನ್ನು ನೂರು ಸಲ ತಿರುವುವುದು, ತಬಲೆಯ ಬೋಲನ್ನು ಮೊದಲು ಬಾಯಲ್ಲಿ ನುಡಿದು ಆಮೇಲೆ ಬೆರಳಿಗಿಳಿಸುವುದು. ಮೂವತ್ತು ವರ್ಷಗಳಿಂದ ಹುಡುಗರಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿರುವ ನನಗೆ ಇದರ ಶ್ರಮ ಸ್ವಲ್ಪ ತಿಳಿದಿದೆ. ಕಣ್ಣುಳ್ಳ ಹುಡುಗನು ಪುಸ್ತಕವಿದೆಯೆಂಬ ಧೈರ್ಯದಿಂದ ಮರೆಯುತ್ತಾನೆ. ಆ ಮಕ್ಕಳಿಗೆ ಮರೆಯುವ ಸೌಕರ್ಯವೇ ಇರಲಿಲ್ಲ.

ಇದರ ಫಲವೇನಾಯಿತು? ಕಲಿತ ಹುಡುಗನ ಕೈಗೆ ಒಂದು ಕಾಯಕ ಬಂದಿತು. ಶ್ರಾವಣಮಾಸದಲ್ಲಿ ನಮ್ಮ ಊರೂರಿನ ಮಠಗಳಲ್ಲಿ ಪುರಾಣಪ್ರವಚನ ನಡೆಯುವಾಗ ಶಾಸ್ತ್ರಿಗಳ ಪಕ್ಕದಲ್ಲಿ ಹಾಡಲು ಒಬ್ಬ ಗವಾಯಿ, ತಬಲೆಗೆ ಒಬ್ಬ ಸಾಥಿ ಬೇಕೇಬೇಕು. ನಾಟಕ ಕಂಪನಿಗಳಿಗೆ ಪೇಟಿ ಬಾರಿಸುವವರು ಬೇಕು. ಮನೆಪಾಠಕ್ಕೆ ಸಂಗೀತಶಿಕ್ಷಕರು ಬೇಕು. ಎಲ್ಲ ಶಿಷ್ಯರೂ ಮಹಾಗಾಯಕರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನುಲಿಯ ಚಂದಯ್ಯನು ಹಗ್ಗ ಹೊಸೆದು ಜಂಗಮಕ್ಕೆ ನೀಡಿದಂತೆ, ತನ್ನ ದುಡಿಮೆಯಿಂದ ತಾನುಂಡು ಇನ್ನೊಬ್ಬರಿಗಿಷ್ಟು ಇಕ್ಕುವ ಯೋಗ್ಯತೆ ಆ ಅಂಧ ತರುಣನಿಗೆ ಬಂದುದೇ ದೊಡ್ಡದು. ಭಿಕ್ಷೆಗೂ ಸಂಭಾವನೆಗೂ ಇರುವ ಅಂತರವನ್ನು ಬಟ್ಟಲು ಹಿಡಿದವನೇ ಬಲ್ಲ.

ಮಹಾಗಾಯಕರೂ ಆದರು. ಧಾರವಾಡ ಜಿಲ್ಲೆಯ ಯಲಿವಾಳದ ಬಾಲಕ ಬಸವರಾಜ ರಾಜಗುರುವನ್ನು ಗವಾಯಿಗಳು ಶಿಷ್ಯನಾಗಿ ಸ್ವೀಕರಿಸಿದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿದಾಗ ಆ ತರುಣನು ದೊಡ್ಡ ಸಭೆಯೆದುರು ಹಾಡಿದನು. ಅಂದು ತಬಲೆಗೆ ಕುಳಿತವರು ಬೇರಾರೂ ಅಲ್ಲ, ಸ್ವತಃ ಗುರುಗಳು! ಗುರುವು ಮುಂದೆ ಕುಳಿತು ಶಿಷ್ಯನು ಹಿಂದೆ ಸಾಥ್ ನೀಡುವುದು ಲೋಕರೂಢಿ. ಪಂಚಾಕ್ಷರ ಗವಾಯಿಗಳು ಅದನ್ನು ತಿರುಗಿಸಿ, ಹುಡುಗನ ಬೆನ್ನಿಗೆ ತಾವೇ ತಾಳವಾಗಿ ನಿಂತರು. ಇಷ್ಟೊಂದು ಪಾಂಡಿತ್ಯದ ನಡುವೆ ಅಹಂಕಾರಕ್ಕೆ ಎಡೆಗೊಡದ ಈ ನಡೆಯನ್ನು ನೆನೆದಾಗಲೆಲ್ಲ ನಮ್ಮಂತಹ ಉಪಾಧ್ಯಾಯರು ತಲೆ ತಗ್ಗಿಸಬೇಕಾಗುತ್ತದೆ.

1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ನೆರಳು ಕೊಟ್ಟ ಮರವೇ ಹೋದಂತಾಯಿತು. ಶಿಷ್ಯರ ಹೊಟ್ಟೆಯ ಚಿಂತೆ ಪೂರ್ಣವಾಗಿ ಗವಾಯಿಗಳ ಹೆಗಲಿಗೆ ಬಿದ್ದಿತು. ಆದರೂ ಅವರು ಮಕ್ಕಳನ್ನು ಮನೆಗೆ ಕಳಿಸಲಿಲ್ಲ. ಕಳಿಸಲು ಎಷ್ಟೋ ಮಕ್ಕಳಿಗೆ ಮನೆಯೇ ಇರಲಿಲ್ಲ. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಈ ಸಂಚಾರೀ ಪಾಠಶಾಲೆಗೆ ಒಂದು ನೆಲೆ ದೊರೆಯಿತು. ಅದೇ ಶ್ರೀ ವೀರೇಶ್ವರ ಪುಣ್ಯಾಶ್ರಮ.

ಆ ಶಿಷ್ಯರೊಳಗೆ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟಯ್ಯನೆಂಬ ಹುಡುಗನೊಬ್ಬನಿದ್ದನು. ಸಂಗೀತದೊಡನೆ ಅನೇಕ ವಾದ್ಯಗಳೂ ಸಾಹಿತ್ಯವೂ ಆತನಿಗೆ ಕೈವಶವಾದವು. 1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವನು ಈತನೇ. ಪುಟ್ಟರಾಜ ಗವಾಯಿಗಳೆಂದು ನಾಡೆಲ್ಲ ಪೂಜಿಸಿದ ಈ ಶಿಷ್ಯರು 2010ರಲ್ಲಿ ಲಿಂಗೈಕ್ಯರಾಗುವ ತನಕ, ಅರವತ್ತಾರು ವರ್ಷಗಳ ಕಾಲ, ಗುರುವಿಲ್ಲದ ಆ ಮನೆಯಲ್ಲಿ ಒಲೆಯೂ ಆರಲಿಲ್ಲ, ತಂಬೂರಿಯ ತಂತಿಯೂ ಸಡಿಲಾಗಲಿಲ್ಲ.