ನಿಯಮಗಳು ಮರೆತಿದ್ದ ಮಹಿಳೆ: ಮ್ಯಾಜ್ ಸೈಯರ್ಸ್

1902ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್‌ಗೆ ಬಂದ ಪ್ರವೇಶಗಳಲ್ಲಿ ಒಂದು ಸಂಘಟಕರನ್ನು ಪೇಚಿಗೆ ಸಿಲುಕಿಸಿತು. ಅದು ಇಪ್ಪತ್ತು ವರ್ಷದ ಗೃಹಿಣಿಯೊಬ್ಬರದಾಗಿತ್ತು. 1896ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಅಲ್ಲಿಯವರೆಗೆ ಮಹಿಳೆಯರಾರೂ ಭಾಗವಹಿಸಿರಲಿಲ್ಲ. ನಿಯಮಾವಳಿಯನ್ನು ತಿರುವಿಹಾಕಿದಾಗ, ಮಹಿಳೆಯರು ಸ್ಪರ್ಧಿಸಕೂಡದು ಎಂಬ ವಾಕ್ಯ ಅದರಲ್ಲೆಲ್ಲೂ ಕಾಣಲಿಲ್ಲ. ಹೆಣ್ಣೊಬ್ಬಳು ಈ ಅಂಗಣಕ್ಕೆ ಇಳಿಯಬಹುದೆಂಬ ಯೋಚನೆಯೇ ಬಾರದಿದ್ದವರು ಅದನ್ನು ನಿಷೇಧಿಸುವ ಗೋಜಿಗೆ ಹೋಗಿರಲಿಲ್ಲ. ಪ್ರವೇಶವನ್ನು ತಿರಸ್ಕರಿಸಲು ಕಾರಣವೇ ಇಲ್ಲದಂತಾಯಿತು.

ಆ ಗೃಹಿಣಿ ಮ್ಯಾಜ್ ಸೈಯರ್ಸ್. ಮೂಲ ಹೆಸರು ಫ್ಲಾರೆನ್ಸ್ ಮ್ಯಾಡಲಿನ್ ಕೇವ್. 1881ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಜಾರ್ವಿಸ್ ಕೇವ್ ಕಟ್ಟಡ ನಿರ್ಮಾಣದ ವ್ಯವಹಾರದಲ್ಲಿದ್ದವರು. ಮನೆಯಲ್ಲಿ ಹದಿನೈದು ಮಕ್ಕಳು. ಈಜು ಮತ್ತು ಕುದುರೆ ಸವಾರಿಯಲ್ಲೂ ಪಳಗಿದ್ದ ಈಕೆಗೆ ಸ್ಕೇಟಿಂಗ್ ಮೊದಮೊದಲು ಸಿರಿವಂತರ ಬಡಾವಣೆಯ ಇತರ ಹೆಣ್ಣುಮಕ್ಕಳಂತೆ ಹವ್ಯಾಸವಾಗಿಯೇ ಒಲಿದಿತ್ತು. ನೈಟ್ಸ್‌ಬ್ರಿಜ್‌ನಲ್ಲಿದ್ದ ಪ್ರಿನ್ಸಸ್ ಸ್ಕೇಟಿಂಗ್ ಕ್ಲಬ್ಬಿನ ಕೃತಕ ಮಂಜಿನ ಅಂಗಣ ಆ ಕಾಲದ ಗಣ್ಯರು ಕೂಡುವ ತಾಣವಾಗಿತ್ತು.

ಆಕೆಯ ಬದುಕಿಗೆ ತಿರುವು ನೀಡಿದವರು ಎಡ್ಗರ್ ಸೈಯರ್ಸ್. ಅವಳಿಗಿಂತ ಹದಿನೆಂಟು ವರ್ಷ ಹಿರಿಯರಾದ ಎಡ್ಗರ್ ಸ್ವತಃ ಸ್ಕೇಟರ್, ಜೊತೆಗೆ ತರಬೇತುದಾರ. 1899ರಲ್ಲಿ ಪರಿಚಯವಾಗಿ ಮರುವರ್ಷ ವಿವಾಹವಾಯಿತು. ಪತಿ ಮೊದಲು ಮಾಡಿದ ಕೆಲಸವೆಂದರೆ ಪತ್ನಿ ಕಲಿತಿದ್ದ ಶೈಲಿಯನ್ನೇ ಬಿಡಿಸಿದ್ದು.

ಅಂದಿನ ಇಂಗ್ಲೆಂಡಿನಲ್ಲಿ ಸ್ಕೇಟಿಂಗ್ ಎಂದರೆ ಗಾಂಭೀರ್ಯ. ಮಂಜಿನ ಮೇಲೆ ಒಂದು ಕಿತ್ತಳೆಹಣ್ಣನ್ನಿಟ್ಟು, ಅದನ್ನೇ ಕೇಂದ್ರವಾಗಿಸಿಕೊಂಡು ಗುಂಪಾಗಿ ದೊಡ್ಡ ದೊಡ್ಡ ವಕ್ರರೇಖೆಗಳನ್ನು ಎಳೆಯುವುದು ರೂಢಿ. ಬೆನ್ನು ನೆಟ್ಟಗಿರಬೇಕು, ಕೈಗಳು ಮೈಗಂಟಿರಬೇಕು, ಎತ್ತಿದ ಕಾಲು ಊರಿದ ಕಾಲಿನ ಪಕ್ಕದಿಂದ ದೂರ ಸರಿಯಕೂಡದು. ಯೂರೋಪಿನ ಇತರೆಡೆ ಗಾಳಿ ಬೇರೆಯೇ ಬೀಸುತ್ತಿತ್ತು. ಬ್ಯಾಲೆ ಬಲ್ಲ ಅಮೆರಿಕದ ಜಾಕ್ಸನ್ ಹೇನ್ಸ್ 1860ರ ದಶಕದಲ್ಲಿ ವಿಯೆನ್ನಾಕ್ಕೆ ಬಂದು, ಸ್ಕೇಟಿಂಗ್‌ಗೆ ಸಂಗೀತವನ್ನೂ ಲಾಸ್ಯವನ್ನೂ ಕೂಡಿಸಿದ್ದರು. ಕೈ, ಭುಜ, ಸೊಂಟ ಎಲ್ಲವೂ ಪಾಲ್ಗೊಳ್ಳುವ ಆ ಅಂತಾರಾಷ್ಟ್ರೀಯ ಶೈಲಿಯೇ ವಿಶ್ವ ಸ್ಪರ್ಧೆಯ ಭಾಷೆಯಾಗಿತ್ತು. ಎಡ್ಗರ್ ಅದರ ಕಟ್ಟಾ ಪ್ರತಿಪಾದಕರು. ಬಾಲ್ಯದಿಂದ ಮೈಗೂಡಿದ ಚಲನೆಯನ್ನು ಮರೆತು ಹೊಸದನ್ನು ರೂಢಿಸಿಕೊಳ್ಳುವುದು ಹೊಸದಾಗಿ ಕಲಿಯುವುದಕ್ಕಿಂತಲೂ ಕಷ್ಟ. ಮ್ಯಾಜ್ ಅದನ್ನು ಎರಡೇ ವರ್ಷಗಳಲ್ಲಿ ಸಾಧಿಸಿದರು.

ಸ್ಪರ್ಧೆಯ ಸ್ವರೂಪವೂ ಇಂದಿನಂತಿರಲಿಲ್ಲ. ಟಿ.ವಿ.ಯಲ್ಲಿ ಕಾಣುವ ಗಾಳಿಯಲ್ಲಿನ ತಿರುಗು ನೆಗೆತಗಳಿಗಿಂತ ಕಡ್ಡಾಯ ಆಕೃತಿಗಳದೇ ಆಗ ಕಾರುಬಾರು. ಎಂಟರ ಆಕಾರ, ಸುರುಳಿ, ಸರಪಳಿಯಂಥ ಆಕೃತಿಗಳನ್ನು ಒಂಟಿಕಾಲಿನಲ್ಲಿ ಸಾಗುತ್ತ ಮಂಜಿನ ಮೇಲೆ ಗೀರಬೇಕು. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯಬೇಕು. ಬಳಿಕ ತೀರ್ಪುಗಾರರು ಬಗ್ಗಿ ನೋಡಿ ಗೆರೆಗಳು ಎಷ್ಟರ ಮಟ್ಟಿಗೆ ಒಂದಾಗಿವೆ ಎಂದು ಅಳೆಯುತ್ತಿದ್ದರು. ಅಂಗಳದಲ್ಲಿ ಎಳೆ ರಂಗೋಲಿ ಹಾಕಿದವರಿಗೆ ಇದರ ಕಷ್ಟ ಅರ್ಥವಾದೀತು, ಆದರೆ ಇಲ್ಲಿ ಎಳೆ ಬಿಡಬೇಕಾದುದು ಪಾದರಕ್ಷೆಯಡಿಯ ಉಕ್ಕಿನ ಅಲಗು. ಉದ್ದ ಲಂಗ ತೊಟ್ಟು, ತನ್ನ ಪಾದ ತನಗೇ ಕಾಣದಂತಿರುವಾಗ ಈ ನಿಖರತೆ ಸಾಧಿಸಬೇಕಿತ್ತೆಂಬುದು ಗಂಡಸರಿಗಿಲ್ಲದ ಹೆಚ್ಚುವರಿ ಹೊರೆ.

ಆ ವರ್ಷ ಕಣದಲ್ಲಿದ್ದವರು ನಾಲ್ವರು. ಸ್ವೀಡನ್ನಿನ ಉಲ್ರಿಕ್ ಸಾಲ್ಕೋ ಪ್ರಥಮ ಸ್ಥಾನ ಪಡೆದರು. ಇಂದಿಗೂ ಒಂದು ನೆಗೆತಕ್ಕೆ ಅವರದೇ ಹೆಸರಿದೆ. ದ್ವಿತೀಯ ಸ್ಥಾನ ಮ್ಯಾಜ್ ಸೈಯರ್ಸ್ ಪಾಲಾಯಿತು. ಜರ್ಮನಿಯ ಮಾರ್ಟಿನ್ ಗೋರ್ಡಾನ್ ಮತ್ತು ಬ್ರಿಟನ್ನಿನವರೇ ಆದ ಹೊರೇಷಿಯೊ ಟೊರೊಮೆ ಆಕೆಯ ಹಿಂದುಳಿದರು. ಸಾಲ್ಕೋ ತಮ್ಮ ಚಿನ್ನದ ಪದಕವನ್ನು ಆಕೆಗೇ ಕೊಟ್ಟರೆಂಬ ಕಥೆ ಪ್ರಚಲಿತವಿದೆ. ಕಥೆ ಏನೇ ಇರಲಿ, ಫಲಿತಾಂಶದ ಪಟ್ಟಿಯಲ್ಲಿ ಎರಡನೆಯ ಹೆಸರು ಹೆಣ್ಣಿನದು ಎಂಬುದೇ ಅಧಿಕಾರಿಗಳ ನಿದ್ದೆಗೆಡಿಸಲು ಸಾಕಾಗಿತ್ತು.

ಮರುವರ್ಷವೇ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಮಹಿಳೆಯರಿಗೆ ಬಾಗಿಲು ಮುಚ್ಚಿತು. ಅದಕ್ಕೆ ಮೂರು ಕಾರಣಗಳನ್ನು ಮುಂದಿಡಲಾಯಿತು: ಲಂಗದಿಂದಾಗಿ ತೀರ್ಪುಗಾರರಿಗೆ ಪಾದಗಳು ಕಾಣವು, ತೀರ್ಪುಗಾರನೊಬ್ಬ ತಾನು ಮೆಚ್ಚಿದ ಹುಡುಗಿಗೇ ಅಂಕ ನೀಡಬೇಕಾಗಿ ಬರಬಹುದು, ಗಂಡು ಹೆಣ್ಣನ್ನು ಹೋಲಿಸಿ ಅಳೆಯುವುದು ಕಷ್ಟ. ಎರಡನೆಯ ಕಾರಣದಲ್ಲಿ ದೋಷವಿದ್ದುದು ತೀರ್ಪುಗಾರನಲ್ಲಿ, ಶಿಕ್ಷೆ ಮಾತ್ರ ಸ್ಪರ್ಧಿಗೆ. ಮೂರನೆಯದಕ್ಕಂತೂ 1902ರ ತೀರ್ಪುಗಾರರೇ ಉತ್ತರ ಕೊಟ್ಟಾಗಿತ್ತು. ಮೊದಲನೆಯದಕ್ಕೆ ಮ್ಯಾಜ್ ತಾವೇ ಉತ್ತರ ಕಂಡುಕೊಂಡರು. ಲಂಗದ ಅಂಚನ್ನು ಮೀನಖಂಡದವರೆಗೆ ಏರಿಸಿ ಸ್ಕೇಟ್ ಮಾಡತೊಡಗಿದರು. ಇತರರೂ ಅದನ್ನು ಅನುಸರಿಸಿದರು.

ಒಕ್ಕೂಟದ ನಿರ್ಬಂಧ ಬ್ರಿಟನ್ನಿನ ರಾಷ್ಟ್ರೀಯ ಸ್ಪರ್ಧೆಗೆ ಅನ್ವಯಿಸಲಿಲ್ಲ. 1903ರಲ್ಲಿ ಮೊದಲ ಬಾರಿಗೆ ನಡೆದ ಬ್ರಿಟಿಷ್ ಚಾಂಪಿಯನ್‌ಷಿಪ್ ಸ್ತ್ರೀಪುರುಷರಿಬ್ಬರಿಗೂ ಮುಕ್ತವಾಗಿತ್ತು. ಮ್ಯಾಜ್ ಗೆದ್ದರು. 1904ರಲ್ಲಿ ಮತ್ತೆ ಗೆದ್ದರು. ಆ ಸಲ ಅವರಿಗೆ ಸೋತವರು ಪತಿ ಎಡ್ಗರ್. ಶಿಷ್ಯೆಯ ಕೈಯಲ್ಲಿ ಸೋಲುವ ಭಾಗ್ಯ ಎಲ್ಲ ಗುರುಗಳಿಗೂ ದೊರೆಯುವುದಿಲ್ಲ.

ಕಡೆಗೆ ಒಕ್ಕೂಟವೇ ಮಣಿಯಿತು. ಮಹಿಳೆಯರಿಗೆ ಪ್ರತ್ಯೇಕ ಚಾಂಪಿಯನ್‌ಷಿಪ್ ಏರ್ಪಡಿಸಲು ತೀರ್ಮಾನಿಸಿ, 1906ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್‌ನಲ್ಲಿ ನಡೆಸಿತು. ಅಲ್ಲಿಯೂ, ಮರುವರ್ಷ ವಿಯೆನ್ನಾದಲ್ಲಿಯೂ ಮ್ಯಾಜ್ ಅವರೇ ವಿಜೇತೆ. ಎರಡೂ ಬಾರಿ ಆಸ್ಟ್ರಿಯದ ಜೆನ್ನಿ ಹೆರ್ಜ್ ದ್ವಿತೀಯ. ಆದರೆ ಇದನ್ನು ವಿಶ್ವ ಚಾಂಪಿಯನ್‌ಷಿಪ್ ಎಂದು ಕರೆಯಲು ಒಕ್ಕೂಟಕ್ಕೆ ಮನಸ್ಸು ಬರಲಿಲ್ಲ. ಆ ಹೆಸರು ಪೂರ್ವಾನ್ವಯವಾಗಿ ದೊರೆತದ್ದು ಬಹಳ ವರ್ಷಗಳ ಬಳಿಕ, ಮ್ಯಾಜ್ ಗತಿಸಿದ ಮೇಲೆ.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಚಳಿಗಾಲದ ಒಲಿಂಪಿಕ್ಸ್ ಇನ್ನೂ ಹುಟ್ಟಿರದ ಕಾಲ ಅದು. ಅಕ್ಟೋಬರ್ ತಿಂಗಳಲ್ಲಿ, ಮ್ಯಾಜ್‌ಗೆ ಚಿರಪರಿಚಿತವಾದ ಪ್ರಿನ್ಸಸ್ ಅಂಗಣದಲ್ಲೇ ಸ್ಪರ್ಧೆಗಳು ನಡೆದವು. ಮಹಿಳೆಯರ ವಿಭಾಗದಲ್ಲಿ ಐವರು ತೀರ್ಪುಗಾರರೂ ಆಕೆಗೇ ಪ್ರಥಮ ಸ್ಥಾನ ನೀಡಿದರು. ಜರ್ಮನಿಯ ಎಲ್ಸಾ ರೆಂಡ್‌ಷ್ಮಿಟ್ ಬೆಳ್ಳಿಗೆ ತೃಪ್ತರಾದರು. ಜೋಡಿ ವಿಭಾಗದಲ್ಲಿ ಪತಿಯೊಡನೆ ಕಂಚು ಬಂತು. ಪುರುಷರ ಚಿನ್ನ ಗೆದ್ದವರು ಅದೇ ಸಾಲ್ಕೋ. ಆರು ವರ್ಷಗಳ ಹಿಂದೆ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇದ್ದ ಇಬ್ಬರು ಈಗ ಎರಡು ಪಟ್ಟಿಗಳ ತುದಿಯಲ್ಲಿದ್ದರು. ಅದೇ ವರ್ಷ ಪತಿಪತ್ನಿಯರು ಚಳಿಗಾಲದ ಕ್ರೀಡೆಗಳ ಕುರಿತ ಗ್ರಂಥವೊಂದನ್ನೂ ಸಂಪಾದಿಸಿ ಹೊರತಂದರು.

ಆ ಬಳಿಕ ಆರೋಗ್ಯ ಕೈಕೊಟ್ಟಿತು. ಇಪ್ಪತ್ತೇಳರ ಹರೆಯದಲ್ಲೇ ಸ್ಪರ್ಧಾಕಣದಿಂದ ನಿವೃತ್ತರಾಗಬೇಕಾಯಿತು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರ ಸೆಪ್ಟೆಂಬರ್ 9ರಂದು, ಹೃದ್ರೋಗದಿಂದ ಮ್ಯಾಜ್ ನಿಧನರಾದರು. ಮೂವತ್ತಾರು ತುಂಬಲು ಒಂದು ವಾರ ಬಾಕಿಯಿತ್ತು. 1981ರಲ್ಲಿ ಅವರ ಹೆಸರು ವಿಶ್ವ ಫಿಗರ್ ಸ್ಕೇಟಿಂಗ್ ಕೀರ್ತಿಭವನಕ್ಕೆ ಸೇರಿತು. ಪತ್ನಿಗೆ ಹೊಸ ಶೈಲಿ ಕಲಿಸಿದ ಎಡ್ಗರ್ ಆಕೆಯ ನಂತರವೂ ಸುಮಾರು ಮೂರು ದಶಕ ಬದುಕಿದ್ದು, 1946ರಲ್ಲಿ ತೀರಿಕೊಂಡರು.