ಅಧಿಕಾರದ ಉತ್ತುಂಗದಲ್ಲಿ ಎರಗಿದ ಪಾರ್ಶ್ವವಾಯು: ವೀರೇಂದ್ರ ಪಾಟೀಲರ ಬದುಕು

ಕೊಪ್ಪಳ: ಹೈದರಾಬಾದ್ ಕರ್ನಾಟಕದಿಂದ ಬಂದು ರಾಜ್ಯದ ಮುಖ್ಯಮಂತ್ರಿ ಗದ್ದುಗೆ ಏರಿದ ಮೊದಲಿಗರು ವೀರೇಂದ್ರ ಪಾಟೀಲರು. ಎರಡನೇ ಬಾರಿ ಆ ಗದ್ದುಗೆ ಏರಿದಾಗ ಅವರನ್ನು ಕೆಳಗಿಳಿಸಿದ್ದು ಮತದಾರರಲ್ಲ. ಅನಾರೋಗ್ಯ ಮತ್ತು ಸ್ವಪಕ್ಷದ ರಾಜಕಾರಣ.

1924ರಲ್ಲಿ ಚಿಂಚೋಳಿಯಲ್ಲಿ ಜನಿಸಿದ ಪಾಟೀಲರು ಕಾನೂನು ಪದವೀಧರರು. ಚಿಂಚೋಳಿಯೂ, ಇಂದಿನ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳೂ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ಹಿಂದುಳಿದ ಆ ಸೀಮೆಯ ಪಾಟೀಲರು 1968ರಲ್ಲಿ ಎಸ್. ನಿಜಲಿಂಗಪ್ಪನವರ ಉತ್ತರಾಧಿಕಾರಿಯಾದರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ನಿಜಲಿಂಗಪ್ಪನವರೊಂದಿಗೇ ಉಳಿದರು. 1971ರಲ್ಲಿ ಅಧಿಕಾರ ಕಳೆದುಕೊಂಡರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಸ್ಪರ್ಧಿಸಿ ಸೋತರು. ಮುಂದೆ ಅದೇ ಇಂದಿರಾ ಅವರ ಪಕ್ಷ ಸೇರಿ ಕೇಂದ್ರ ಸಚಿವರಾದುದು ರಾಜಕೀಯದ ವೈಚಿತ್ರ್ಯ.

1989ರ ವಿಧಾನಸಭಾ ಚುನಾವಣೆಯಲ್ಲಿ ಪಾಟೀಲರ ನೇತೃತ್ವದ ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು. ನವೆಂಬರ್ 30ರಂದು ಅವರು ಮತ್ತೆ ಮುಖ್ಯಮಂತ್ರಿಯಾದರು. ವರ್ಷ ತುಂಬುವ ಮೊದಲೇ ಪಾರ್ಶ್ವವಾಯು ಎರಗಿತು. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಕೆಲವೇ ನಿಮಿಷಗಳಲ್ಲಿ ಕೈಕಾಲು, ಮಾತು ಸ್ವಾಧೀನ ತಪ್ಪಬಹುದು. ಚೇತರಿಕೆಗೆ ತಿಂಗಳುಗಳೇ ಬೇಕು. ರಾಜಕೀಯಕ್ಕೆ ಅಷ್ಟು ತಾಳ್ಮೆ ಇರಲಿಲ್ಲ.

ಭಿನ್ನಮತ ಹೆಡೆಯೆತ್ತಿತು. ಕೋಮುಗಲಭೆಗಳೂ ಸರ್ಕಾರವನ್ನು ಕಂಗೆಡಿಸಿದವು. ಬೆಂಗಳೂರಿಗೆ ಬಂದ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿ ಅಸ್ವಸ್ಥ ಪಾಟೀಲರನ್ನು ಕಂಡು, ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಪ್ರಕಟಿಸಿದರು. 1990ರ ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು, 17ರಂದು ಎಸ್. ಬಂಗಾರಪ್ಪ ಅಧಿಕಾರ ಸ್ವೀಕರಿಸಿದರು.

ಹಾಸಿಗೆ ಹಿಡಿದ ಹಿರಿಯರನ್ನು ಹೀಗೆ ಕೈಬಿಟ್ಟ ಬಗೆ ಉತ್ತರ ಕರ್ನಾಟಕದ ಲಿಂಗಾಯತ ಮತದಾರರ ಮನ ನೋಯಿಸಿತು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಲು ಇದೂ ಒಂದು ಕಾರಣವೆಂದು ರಾಜಕೀಯ ವಿಶ್ಲೇಷಕರು ಗುರುತಿಸುತ್ತಾರೆ. ಪಾಟೀಲರು 1997ರ ಮಾರ್ಚ್ 14ರಂದು ನಿಧನರಾದರು. ಅದೇ ವರ್ಷ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ಉದಯಿಸಿತು.

ಅವರು ಅಸ್ವಸ್ಥರಾದ ಕಾಲಕ್ಕೆ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಕ್ಕೆ ಮಾನ್ಯತೆ ದೊರೆತಿರಲಿಲ್ಲ. 1996ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಇಂದು ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆ ಚಿಕಿತ್ಸೆ ಆರಂಭವಾಗಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಮುಖ್ಯ ಲಕ್ಷಣಗಳು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದವರು ಮತ್ತು ಅವರ ಮನೆಯವರು ಇವನ್ನು ಅರಿತಿರಬೇಕು. ಗದ್ದುಗೆಯಲ್ಲಿದ್ದವರಿರಲಿ, ಹೊಲದಲ್ಲಿ ದುಡಿಯುವವರಿರಲಿ, ಮಿದುಳಿಗೆ ಸಮಯ ಒಂದೇ.