ಮಹಾದೇವ ದೇಸಾಯಿ: ನ್ಯಾಯಾಲಯದ ಎದುರಿನಲ್ಲಿ ಪತ್ರಕರ್ತ

ಮಹಾದೇವ ಹರಿಭಾಯಿ ದೇಸಾಯಿಯವರ ಹೆಸರು ನಮ್ಮಲ್ಲಿ ಗಾಂಧೀಜಿಯವರ ಆಪ್ತ ಕಾರ್ಯದರ್ಶಿಯ ಹೆಸರಾಗಿಯೇ ಉಳಿದುಬಂದಿದೆ. ಈ ಕೀರ್ತಿಯ ನೆರಳಿನಲ್ಲಿ ಅವರ ಪತ್ರಕರ್ತನ ವ್ಯಕ್ತಿತ್ವ ಮರೆಯಾದಂತಿದೆ. ಕಾನೂನನ್ನು ಓದಿ ವರದಿಗಾರಿಕೆಗೆ ಬಂದ ದೇಸಾಯಿಯವರು, ನ್ಯಾಯಾಲಯದ ವಿಷಯವನ್ನು ಬರೆಯುವವನಿಗೆ ಬೇಕಾದ ಶಿಕ್ಷಣವನ್ನು ಪತ್ರಿಕಾ ಕಚೇರಿಯೊಳಗೆ ಮಾತ್ರ ಪಡೆದವರಲ್ಲ. ಆರೋಪಿಯಾಗಿ, ಸೆರೆಯಾಳಾಗಿ, ಕೊನೆಗೆ ರೈತರ ಪರ ವಾದ ಮಂಡಿಸುವವರಾಗಿ ಪಡೆದವರು.

ಅವರು 1892ರ ಜನವರಿ 1ರಂದು ಸೂರತ್ ಜಿಲ್ಲೆಯ ಸರಸ್ ಗ್ರಾಮದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಸೂರತ್ತಿನಲ್ಲಿ ಪ್ರೌಢಶಿಕ್ಷಣವನ್ನೂ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಶಿಕ್ಷಣವನ್ನೂ ಮುಗಿಸಿ, 1913ರಲ್ಲಿ ಕಾನೂನು ಪದವಿಯನ್ನು ಪಡೆದರು. ಅಹಮದಾಬಾದಿನಲ್ಲಿ ಕೆಲಕಾಲ ವಕೀಲಿ ನಡೆಸಿದರಾದರೂ ಆ ವೃತ್ತಿ ಅವರನ್ನು ಹಿಡಿದಿಡಲಿಲ್ಲ. ಸಹಕಾರಿ ಬ್ಯಾಂಕಿನ ಇನ್‌ಸ್ಪೆಕ್ಟರಾಗಿ ಹಳ್ಳಿಗಳನ್ನು ಸುತ್ತಿದರು. ರೈತನ ಸಾಲದ ಲೆಕ್ಕವನ್ನು ಹತ್ತಿರದಿಂದ ಕಂಡರು. 1917ರ ನವೆಂಬರಿನಲ್ಲಿ ಗಾಂಧೀಜಿಯವರನ್ನು ಸೇರಿದಂದಿನಿಂದ ದಿನಚರಿಯನ್ನು ಬರೆಯತೊಡಗಿದರು. ಕಂಡದ್ದನ್ನೂ ಕೇಳಿದ್ದನ್ನೂ ಅಂದಂದೇ ದಾಖಲಿಸುವ ಈ ಅಭ್ಯಾಸವೇ ಅವರ ವರದಿಗಾರಿಕೆಯ ಮೊದಲ ಪಾಠಶಾಲೆ.

ಎರಡನೆಯ ಪಾಠ ಕಠಿಣವಾದುದು. ರೌಲಟ್ ಕಾಯಿದೆಯ ವಿರುದ್ಧ ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ್ದ ಅಹಮದಾಬಾದಿನ ಕೆಲವು ವಕೀಲರನ್ನು ಕುರಿತು ಅಲ್ಲಿಯ ಜಿಲ್ಲಾ ನ್ಯಾಯಾಧೀಶ ಕೆನೆಡಿ ಮುಂಬಯಿ ಹೈಕೋರ್ಟಿಗೆ ಪತ್ರ ಬರೆದಿದ್ದರು. ಆ ವಿಷಯ ಹೈಕೋರ್ಟಿನ ವಿಚಾರಣೆಯಲ್ಲಿರುವಾಗಲೇ ಪತ್ರವೂ ಅದರ ಮೇಲಣ ಟೀಕೆಯೂ 1919ರ ಆಗಸ್ಟ್ 6ರ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾದವು. ಗಾಂಧೀಜಿ ಸಂಪಾದಕರು, ದೇಸಾಯಿ ಪ್ರಕಾಶಕರು. ಇಬ್ಬರ ಮೇಲೂ ನ್ಯಾಯಾಲಯ ನಿಂದನೆಯ ಆರೋಪ ಬಂದಿತು. ಕ್ಷಮೆ ಯಾಚಿಸಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಸಾರ್ವಜನಿಕ ಮಹತ್ವದ ಸಂಗತಿಯನ್ನು ಬೆಳಕಿಗೆ ತಂದುದಕ್ಕೆ ಪಶ್ಚಾತ್ತಾಪವಿಲ್ಲದೆ ಕ್ಷಮೆ ಕೇಳುವುದು ಅಸತ್ಯವಾಗುವುದೆಂದು ಬಗೆದು ಇಬ್ಬರೂ ಒಪ್ಪಲಿಲ್ಲ. ಆದರೆ ನ್ಯಾಯಾಲಯ ವಿಧಿಸುವ ಶಿಕ್ಷೆಯನ್ನು ಅನುಭವಿಸಲು ಸಿದ್ಧರಿದ್ದರು. 1920ರ ಮಾರ್ಚಿನಲ್ಲಿ ಹೈಕೋರ್ಟು ಅಪರಾಧವನ್ನು ಎತ್ತಿಹಿಡಿದು, ಕಟುವಾಗಿ ಆಕ್ಷೇಪಿಸಿ, ಮುಂದೆ ಹೀಗಾಗದಂತೆ ಎಚ್ಚರಿಸಿ ಬಿಟ್ಟಿತು. ವಿಚಾರಣೆಯಲ್ಲಿರುವ ವಿಷಯವನ್ನು ಬರೆಯುವಾಗ ಪತ್ರಕರ್ತನ ಕರ್ತವ್ಯಕ್ಕೂ ನ್ಯಾಯಾಲಯದ ಘನತೆಗೂ ನಡುವೆ ಇರುವ ಗೆರೆ ಎಷ್ಟು ಸೂಕ್ಷ್ಮವೆಂಬುದನ್ನು ದೇಸಾಯಿಯವರು ಕಂಡುಕೊಂಡದ್ದು ಇಲ್ಲಿ. ಗೆರೆಯನ್ನು ದಾಟುವವನು ಅದರ ಬೆಲೆಯನ್ನೂ ತೆರಬೇಕೆಂಬ ಅರಿವು ಅವರ ಮುಂದಿನ ಬದುಕಿನುದ್ದಕ್ಕೂ ಕಾಣುತ್ತದೆ.

1921ರಲ್ಲಿ ಅಲಹಾಬಾದಿಗೆ ತೆರಳಿ ಮೋತಿಲಾಲ್ ನೆಹರೂ ಅವರ 'ಇಂಡಿಪೆಂಡೆಂಟ್' ಪತ್ರಿಕೆಯ ಹೊಣೆಯನ್ನು ಹೊತ್ತರು. ಸರ್ಕಾರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡು ಮುದ್ರಣವನ್ನು ನಿಲ್ಲಿಸಿದಾಗ ಕೈಬರಹದ ಪತ್ರಿಕೆಯನ್ನೇ ಹೊರತಂದರು. ಆ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಒಂದು ವರ್ಷದ ಸೆರೆವಾಸ ಪ್ರಾಪ್ತವಾಯಿತು. ಇದರಿಂದಾಗಿ 1922ರ ಮಾರ್ಚ್ 18ರಂದು ಅಹಮದಾಬಾದಿನ ಶಾಹಿಬಾಗಿನಲ್ಲಿ ಗಾಂಧೀಜಿಯವರ ರಾಜದ್ರೋಹದ ವಿಚಾರಣೆ ನಡೆದು, ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದಾಗ, ಆ ಕಲಾಪವನ್ನು ಬರೆಯಲು ಎಲ್ಲರಿಗಿಂತ ಅರ್ಹರಾಗಿದ್ದ ವರದಿಗಾರರು ಸಂಯುಕ್ತ ಪ್ರಾಂತದ ಸೆರೆಮನೆಯಲ್ಲಿದ್ದರು.

ಅದೇ ಬ್ರೂಮ್‌ಫೀಲ್ಡರು ಆರು ವರ್ಷಗಳ ನಂತರ ಮತ್ತೆ ಎದುರಾದರು. ಸೂರತ್ ಜಿಲ್ಲೆಯ ಬಾರ್ಡೋಲಿಯಲ್ಲಿ ಸರ್ಕಾರ ಕಂದಾಯವನ್ನು ಶೇಕಡಾ 22ರಷ್ಟು ಹೆಚ್ಚಿಸಿದಾಗ, 1928ರಲ್ಲಿ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ರೈತರು ಕಂದಾಯ ಕೊಡಲು ನಿರಾಕರಿಸಿದರು. ಹೋರಾಟದ ಫಲವಾಗಿ ನೇಮಕವಾದ ವಿಚಾರಣಾ ಸಮಿತಿಯಲ್ಲಿದ್ದವರು ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್. ನರಹರಿ ಪಾರಿಖರೊಡನೆ ದೇಸಾಯಿಯವರು ರೈತರ ಅಹವಾಲನ್ನು ಸಮಿತಿಯ ಮುಂದಿಡುವ ಕೆಲಸಕ್ಕೆ ತೊಡಗಿದರು. ಇಲ್ಲಿ ಆವೇಶದ ಮಾತಿಗೆ ಬೆಲೆಯಿರಲಿಲ್ಲ. ಬೇಕಾದದ್ದು ಹಳ್ಳಿಯ ಲೆಕ್ಕ, ಗೇಣಿಯ ಪತ್ರ, ಬೆಳೆಯ ಖರ್ಚು. ಅಧಿಕಾರಿಗಳು ಆಧರಿಸಿದ್ದ ಗೇಣಿಯ ಅಂಕಿಅಂಶಗಳು ನಂಬಲರ್ಹವಲ್ಲವೆಂದು ಕಂಡುಕೊಂಡ ಸಮಿತಿ, ಹೆಚ್ಚಳವನ್ನು ಶೇಕಡಾ 6.03ಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು. ಈ ಹೋರಾಟದ ಕಥೆಯನ್ನು ದೇಸಾಯಿಯವರು 1929ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಗಾಂಧೀಜಿಯವರನ್ನು ಸೆರೆಗೆ ಕಳುಹಿಸಿದ ನ್ಯಾಯಾಧೀಶರ ಮುಂದೆಯೇ ರೈತರಿಗೆ ನ್ಯಾಯ ದೊರೆತದ್ದು ಗಮನಾರ್ಹ. ವ್ಯಕ್ತಿಯ ಮೇಲೆ ಹಗೆಯಿಲ್ಲದೆ ಸಾಕ್ಷ್ಯದ ಮೇಲೆ ನಂಬಿಕೆಯಿಟ್ಟ ವರದಿಗಾರನಿಗೆ ಸಲ್ಲುವ ಫಲವಿದು.

ಕರ್ನಾಟಕಕ್ಕೂ ಅವರ ನಂಟುಂಟು. 1927ರಲ್ಲಿ ಗಾಂಧೀಜಿಯವರು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದಾಗ ಜೊತೆಯಲ್ಲಿದ್ದ ದೇಸಾಯಿಯವರು, 1933-34ರಲ್ಲಿ ಬೆಳಗಾವಿಯ ಸೆರೆಮನೆಯಲ್ಲಿದ್ದುಕೊಂಡು ಗಾಂಧೀಜಿಯವರ ಗೀತಾವ್ಯಾಖ್ಯಾನವನ್ನು ಇಂಗ್ಲಿಷಿಗೆ ತಂದು, ಅದಕ್ಕೆ ದೀರ್ಘ ಪೀಠಿಕೆಯನ್ನು ಬರೆದರು. ಅದು ಅಚ್ಚಾದದ್ದು 1946ರಲ್ಲಿ. ಆ ವೇಳೆಗೆ ಅವರಿರಲಿಲ್ಲ. 1942ರ ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯ ಬಂಧನದಲ್ಲಿ, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ಹಠಾತ್ತನೆ ನಿಧನರಾದರು. ಅವರ ಗುಜರಾತಿ ದಿನಚರಿಗೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ನ್ಯಾಯಾಲಯದ ವರದಿಗಾರಿಕೆಗೆ ಕಾಲಿಡುವ ಇಂದಿನ ತರುಣರಿಗೆ ದೇಸಾಯಿಯವರ ಬದುಕು ಹೇಳುವುದಿಷ್ಟೆ: ಕೇಳಿದ್ದನ್ನು ಅಂದೇ ಬರೆದಿಡಬೇಕು, ಕಾನೂನಿನ ಗೆರೆಯನ್ನು ತಿಳಿದಿರಬೇಕು, ಎದುರಾಳಿಯ ಲೆಕ್ಕವನ್ನೂ ತನ್ನದರಷ್ಟೇ ಎಚ್ಚರದಿಂದ ಓದಬೇಕು. ಈ ಮೂರನ್ನೂ ಅವರು ಬದುಕಿ ಕಲಿತರು.